ಗೋಧಿ ಬಿಡಿ ಅಂದರೆ ಸಾಲದು

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟವನ್ನು ನಾನು ವರ್ಷಗಳಿಂದ ಓದುತ್ತಿದ್ದೇನೆ. ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಬಿಟ್ಟರೆ ತೂಕ ಇಳಿಯುತ್ತದೆ, ಮುಖಕ್ಕೆ ಕಳೆ ಬರುತ್ತದೆ ಎಂಬ ಬರಹಗಳು ಅಲ್ಲಿ ಆಗಾಗ ಬರುತ್ತವೆ. ಆದರೆ ಗ್ಲುಟೆನ್ ಬಿಡಲೇಬೇಕಾದವರು, ಅಂದರೆ ಸೀಲಿಯಾಕ್ ಎಂಬ ಕರುಳಿನ ಕಾಯಿಲೆ ಇರುವವರು, ಊಟದ ವಿಷಯವನ್ನು ಯಾರ ಹತ್ತಿರ ಹೋಗಿ ಕೇಳಬೇಕು ಎಂದು ಬರೆದದ್ದು ನನ್ನ ಕಣ್ಣಿಗೆ ಒಮ್ಮೆಯೂ ಬಿದ್ದಿಲ್ಲ. ನನ್ನ ಮಗಳಿಗೆ ಈ ಕಾಯಿಲೆ ಇದೆ ಎಂದು ಗೊತ್ತಾಗಿ 3 ವರ್ಷ ಆಯಿತು. ಅವಳಿಗೆ ಸರಿಯಾದ ಆಹಾರ ತಜ್ಞೆ ಸಿಕ್ಕಿದ್ದು 14 ತಿಂಗಳು ಕಳೆದ ಮೇಲೆ. ಆ 14 ತಿಂಗಳು ನಾವು ಪಟ್ಟ ಪಾಡು ಬೇರೆಯವರಿಗೆ ಬರಬಾರದು ಅಂತ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಪ್ರಕಟಿಸಿ.

ಮಗಳಿಗೆ ಆಗ 9 ವರ್ಷ. ಓರಗೆಯ ಮಕ್ಕಳಿಗಿಂತ ಗಿಡ್ಡ, ಯಾವಾಗಲೂ ಸುಸ್ತು, ಬಾಯಲ್ಲಿ ಪದೇ ಪದೇ ಹುಣ್ಣು. ಹೊಟ್ಟೆನೋವು ಅಂತ ಅವಳು ಹೇಳಿದ್ದು ಕಡಿಮೆ, ಅದಕ್ಕೇ ಇದು ಕರುಳಿನ ಕಾಯಿಲೆ ಇರಬಹುದು ಅಂತ ನಮಗೆ ಹೊಳೆಯಲೇ ಇಲ್ಲ. ಕಬ್ಬಿಣಾಂಶದ ಮಾತ್ರೆ ಒಂದು ವರ್ಷ ನುಂಗಿಸಿದರೂ ಹಿಮೋಗ್ಲೋಬಿನ್ ಏರಲಿಲ್ಲ, ಆಗ ಒಬ್ಬ ವೈದ್ಯರಿಗೆ ಅನುಮಾನ ಬಂದು ಟಿಟಿಜಿ ಎಂಬ, ಈ ಕಾಯಿಲೆ ಇದ್ದಾಗ ರಕ್ತದಲ್ಲಿ ಹೆಚ್ಚುವ ಪ್ರತಿಕಾಯವನ್ನು ಅಳೆಯುವ ರಕ್ತ ಪರೀಕ್ಷೆ ಮಾಡಿಸಿದರು, ಅದು ತುಂಬಾ ಜಾಸ್ತಿ ಬಂತು, ಆಮೇಲೆ ಎಂಡೊಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡಿ ಸೀಲಿಯಾಕ್ ಅಂತ ಖಚಿತ ಮಾಡಿದರು. ಆ ವೈದ್ಯರಿಗೆ ನಾನು ಇವತ್ತಿಗೂ ಋಣಿ. ಆದರೆ ಆ ದಿನ ಅವರು ಕೊಟ್ಟ ಸಲಹೆ ಇಷ್ಟೇ: 'ಇನ್ನು ಮೇಲೆ ಗೋಧಿ ಬೇಡ. ಯಾರಾದರೂ ನ್ಯೂಟ್ರಿಷನಿಸ್ಟ್ ನೋಡಿ. ಆರು ತಿಂಗಳು ಬಿಟ್ಟು ಬನ್ನಿ.'

ಈ 'ಯಾರಾದರೂ' ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸಿತು.

ಸೀಲಿಯಾಕ್ ಅಲರ್ಜಿ ಅಲ್ಲ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆ ತನ್ನ ಕರುಳಿನ ಮೇಲೆ ತಾನೇ ದಾಳಿ ಮಾಡುತ್ತದೆ. ಸಣ್ಣ ಕರುಳಿನ ಒಳಮೈಯಲ್ಲಿ ಬೆರಳಿನ ಆಕಾರದ ಪುಟ್ಟ ಪುಟ್ಟ ಎಳೆಗಳಿವೆ, ಊಟದ ಸತ್ವವನ್ನು ಹೀರಿಕೊಳ್ಳುವುದು ಅವೇ. ಅವು ಸವೆದು ಚಪ್ಪಟೆಯಾಗುತ್ತವೆ. ಮಗು ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಕಬ್ಬಿಣ, ಕ್ಯಾಲ್ಸಿಯಂ, ಫೋಲೇಟ್, ವಿಟಮಿನ್ ಡಿ ಎಲ್ಲದಕ್ಕೂ ಕೊರತೆ. ಜಗತ್ತಿನಲ್ಲಿ ಸುಮಾರು 100 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ, ಅವರಲ್ಲಿ ಎಷ್ಟೋ ಜನರಿಗೆ ತಮಗಿದೆ ಎಂದೇ ಗೊತ್ತಿಲ್ಲ. ಇದಕ್ಕೆ ಮಾತ್ರೆ ಇಲ್ಲ, ಆಪರೇಷನ್ ಇಲ್ಲ. ಜೀವನಪೂರ್ತಿ ಗ್ಲುಟೆನ್ ಇಲ್ಲದ ಊಟ, ಚಿಕಿತ್ಸೆ ಅಂತ ಇರುವುದು ಅದೊಂದೇ.

ಇದು ಹೊಸ ಮಾತೂ ಅಲ್ಲ. 1888ರಲ್ಲೇ ಸ್ಯಾಮ್ಯುಯೆಲ್ ಗೀ ಎಂಬ ಇಂಗ್ಲೆಂಡಿನ ವೈದ್ಯರು ಈ ಕಾಯಿಲೆಯನ್ನು ವಿವರಿಸಿ, ವಾಸಿಯಾಗುವುದಾದರೆ ಅದು ಆಹಾರದಿಂದಲೇ ಆಗಬೇಕು ಅಂತ ಬರೆದಿದ್ದರು. ಯಾವ ಆಹಾರ ಅಂತ ಆಗ ಅವರಿಗೆ ಗೊತ್ತಿರಲಿಲ್ಲ. ಅದನ್ನು ಕಂಡುಹಿಡಿದವರು ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಗೋಧಿಯ ಮೇಲೆ ಅವರಿಗೆ ಮೊದಲಿನಿಂದ ಅನುಮಾನ ಇತ್ತು. 1944-45ರ ಚಳಿಗಾಲದಲ್ಲಿ, ಯುದ್ಧದ ಕಾರಣ ಆ ದೇಶದಲ್ಲಿ ಬ್ರೆಡ್ ಸಿಗದೆ ಜನ ಹಸಿದಿದ್ದಾಗ, ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿಕೊಂಡರು, ಬ್ರೆಡ್ ಮತ್ತೆ ಬಂದಾಗ ಮತ್ತೆ ಕುಸಿದರು. 1950ರಲ್ಲಿ ಅವರು ತಮ್ಮ ಪ್ರಬಂಧದಲ್ಲಿ ಇದನ್ನು ಪುರಾವೆ ಸಮೇತ ಬರೆದರು. ಅಂದರೆ ಊಟವೇ ಔಷಧಿ ಅಂತ ಸಾಬೀತಾಗಿ 70 ವರ್ಷ ದಾಟಿದೆ. ಆ ಔಷಧಿಯನ್ನು ಹೇಗೆ ಕೊಡಬೇಕು ಅಂತ ಹೇಳಿಕೊಡಬೇಕಾದವರು ಆಹಾರ ತಜ್ಞರು. ಹೃದಯದ ಆಪರೇಷನ್‌ಗೆ 'ಯಾರಾದರೂ ಸರ್ಜನ್ ನೋಡಿ' ಅಂತ ಯಾವ ವೈದ್ಯರೂ ಹೇಳುವುದಿಲ್ಲ ಅಲ್ವಾ?

ನಾವು ಮೊದಲು ಹೋದದ್ದು ತೂಕ ಇಳಿಸುವುದರಲ್ಲಿ ಒಳ್ಳೆಯ ಹೆಸರಿದ್ದವರ ಹತ್ತಿರ. ಹತ್ತು ನಿಮಿಷ ಮಾತಾಡಿ ಒಂದು ಚಾರ್ಟ್ ಕೊಟ್ಟರು. ಗೋಧಿ ಇರಲಿಲ್ಲ, ಸರಿ. ಆದರೆ ಮಧ್ಯಾಹ್ನದ ಸೂಪಿನಲ್ಲಿ ಬಾರ್ಲಿ ಇತ್ತು. ಗೋಧಿ ಇಲ್ಲ ಅಂದರೆ ಗ್ಲುಟೆನ್ ಇಲ್ಲ ಅಂತ ಅವರು ತಿಳಿದಿದ್ದರು, ನಾವೂ ಹಾಗೇ ತಿಳಿದಿದ್ದೆವು. ಎರಡು ತಿಂಗಳು ಮಗಳಿಗೆ ನನ್ನ ಕೈಯಾರೆ ಬಾರ್ಲಿ ಕುಡಿಸಿದ್ದೇನೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎರಡನೆಯವರು ಬಾರ್ಲಿ ತೆಗೆಸಿದರು. ಆದರೆ ಮಗು ಪಾರ್ಟಿಗಳಲ್ಲಿ ಬೇಜಾರು ಮಾಡಿಕೊಳ್ಳುತ್ತದೆ ಅಂತ ನಾನು ಹೇಳಿದಾಗ, 'ವಾರಕ್ಕೊಮ್ಮೆ ಒಂದು ತುಂಡು ಕೇಕ್ ಪರವಾಗಿಲ್ಲ, ದೇಹಕ್ಕೂ ಅಭ್ಯಾಸ ಆಗಲಿ' ಅಂದುಬಿಟ್ಟರು. ಕೇಳಲು ಎಷ್ಟು ಹಿತವಾದ ಮಾತು! ತಾಯಿ ಕೇಳಬೇಕು ಅಂತ ಕಾಯುತ್ತಿದ್ದ ಮಾತೇ ಅದು. ಆದರೆ ಪೂರ್ತಿ ತಪ್ಪು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೀಲಿಯಾಕ್ ಇರುವವರಿಗೆ ದಿನಕ್ಕೆ ಬರೀ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಕೊಟ್ಟಿದ್ದಕ್ಕೇ ಕರುಳಿನಲ್ಲಿ ಹಾನಿ ಕಂಡಿತ್ತು. ಒಂದು ಸ್ಲೈಸ್ ಬ್ರೆಡ್‌ನಲ್ಲಿ ಸುಮಾರು 2,000 ಮಿಲಿಗ್ರಾಂ, ಕೆಲವು ಸಲ ಅದಕ್ಕೂ ಜಾಸ್ತಿ ಗ್ಲುಟೆನ್ ಇರುತ್ತದೆ. ಅದನ್ನು 40 ಚೂರು ಮಾಡಿ, ಅದರಲ್ಲಿ ಒಂದು ಚೂರು ಅಂದುಕೊಳ್ಳಿ. ಅಷ್ಟು ಸಾಕು. ಅಭ್ಯಾಸ ಆಗುವುದು ಅಂತ ಈ ಕಾಯಿಲೆಯಲ್ಲಿ ಇಲ್ಲವೇ ಇಲ್ಲ. ತಿಂದ ದಿನ ಏನೂ ತೊಂದರೆ ಕಾಣದೆ ಹೋದರೂ ಒಳಗೆ ಹಾನಿ ಆಗುತ್ತಲೇ ಇರುತ್ತದೆ.

ಈ ಇಬ್ಬರೂ ಕೆಟ್ಟವರಲ್ಲ. ಇಬ್ಬರೂ ಓದಿದವರು, ಮಗಳನ್ನು ಪ್ರೀತಿಯಿಂದಲೇ ಮಾತಾಡಿಸಿದರು. ಅವರಿಗೆ ಸೀಲಿಯಾಕ್ ರೋಗಿಗಳನ್ನು ನೋಡಿ ಅನುಭವ ಇರಲಿಲ್ಲ, ಅದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬಹುದು ಅಂತಲೇ ನನಗೆ ಗೊತ್ತಿರಲಿಲ್ಲ. ಒಂದು ವರ್ಷದ ಮೇಲೆ ಟಿಟಿಜಿ ಮತ್ತೆ ಮಾಡಿಸಿದಾಗ ಅದು ಇಳಿದೇ ಇರಲಿಲ್ಲ ಅನ್ನಬೇಕು, ಅಷ್ಟು ಮೇಲೆ ಇತ್ತು. 'ಮನೆಯಲ್ಲಿ ಸರಿಯಾಗಿ ಪಾಲಿಸುತ್ತಿಲ್ಲ' ಅಂತ ನನ್ನ ಮೇಲೇ ಮಾತು ಬಂತು.

ಮೂರನೆಯವರು ಸಿಕ್ಕಿದ್ದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹುಡುಕುವವರಿಗೆ ಕೆಲಸಕ್ಕೆ ಬರುವುದು ಅದೇ. ನಾನು ಜಾಹೀರಾತು ನೋಡುವುದು ಬಿಟ್ಟೆ. ಆಸ್ಪತ್ರೆಯ ಗ್ಯಾಸ್ಟ್ರೋಎಂಟರಾಲಜಿ, ಅಂದರೆ ಹೊಟ್ಟೆ ಕರುಳಿನ ಕಾಯಿಲೆಗಳ ವಿಭಾಗದಲ್ಲಿ ಕೂತಿದ್ದಾಗ ಅಲ್ಲಿನ ಒಬ್ಬ ಹಿರಿಯ ನರ್ಸ್ ಹತ್ತಿರ ಹೋಗಿ, 'ಸಿಸ್ಟರ್, ಇಲ್ಲಿಗೆ ಬರುವ ಸೀಲಿಯಾಕ್ ಮಕ್ಕಳು ಊಟದ ವಿಷಯಕ್ಕೆ ಯಾರ ಹತ್ತಿರ ಹೋಗ್ತಾರೆ? ಯಾರ ಹತ್ತಿರ ಹೋದವರ ರಿಪೋರ್ಟ್ ಸರಿ ಬರ್ತಿದೆ?' ಅಂತ ಕೇಳಿದೆ. ಅವರು ಒಂದು ನಿಮಿಷ ಯೋಚಿಸಿ ಒಂದು ಹೆಸರು ಹೇಳಿದರು. ಸೀಲಿಯಾಕ್ ಇರುವ ಇನ್ನೊಂದು ಮಗುವಿನ ತಾಯಿಯನ್ನು ಕೇಳಿದಾಗ ಅವರೂ ಅದೇ ಹೆಸರು ಹೇಳಿದರು. ರೋಗಿಗಳ ಸಂಘಗಳು ಇರುವ ಕಡೆ ಅವರನ್ನೂ ಕೇಳಬಹುದು, ಅನುಭವ ಇರುವ ತಜ್ಞರು ಯಾರು ಅಂತ ಅವರಿಗೆ ಗೊತ್ತಿರುತ್ತದೆ.

ಅಪಾಯಿಂಟ್‌ಮೆಂಟ್ ತಗೊಳ್ಳುವ ಮೊದಲೇ ಫೋನಿನಲ್ಲಿ ಕೆಲವು ಮಾತು ಕೇಳಿದೆ. ಕೇಳುವಾಗ ಸಂಕೋಚ ಆಯಿತು, ದೊಡ್ಡವರನ್ನು ಪರೀಕ್ಷೆ ಮಾಡಿದ ಹಾಗೆ ಆಗುತ್ತಾ ಅಂತ. ಆದರೆ ಅವರು ಬೇಸರ ಪಟ್ಟುಕೊಳ್ಳಲಿಲ್ಲ, 'ಕೇಳಿದ್ದು ಒಳ್ಳೆಯದಾಯಿತು' ಅಂದರು. ಈಗ ಸೀಲಿಯಾಕ್ ಇರುವ ಎಷ್ಟು ಜನರನ್ನು ನೋಡುತ್ತಿದ್ದೀರಿ ಅನ್ನುವುದು ಮೊದಲ ಪ್ರಶ್ನೆ. ಮುಂದಿನದು ಓಟ್ಸ್ ಕೊಡಬಹುದಾ ಅನ್ನುವುದು. ನನ್ನ ಪ್ರಕಾರ ಅನುಭವ ಇದೆಯೋ ಇಲ್ಲವೋ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. 'ಓಟ್ಸ್ ಆರೋಗ್ಯಕ್ಕೆ ಒಳ್ಳೆಯದು, ಧಾರಾಳವಾಗಿ ಕೊಡಿ' ಅಂದರೆ ಅವರಿಗೆ ಗೊತ್ತಿಲ್ಲ. 'ಮುಟ್ಟಲೇಬಾರದು' ಅಂದರೂ ಪೂರ್ತಿ ಗೊತ್ತಿಲ್ಲ. ಗೊತ್ತಿರುವವರು ಹೇಳುವುದು ಹೀಗೆ: ಸಾಮಾನ್ಯ ಓಟ್ಸ್ ಹೊಲದಲ್ಲಿ, ಗಿರಣಿಯಲ್ಲಿ ಗೋಧಿ ಬಾರ್ಲಿಯ ಜೊತೆ ಬೆರೆತಿರುತ್ತದೆ, ಅದು ಬೇಡ. ಗ್ಲುಟೆನ್ ಇಲ್ಲ ಎಂದು ಪ್ರಮಾಣೀಕರಿಸಿದ ಓಟ್ಸ್ ಹೆಚ್ಚಿನವರಿಗೆ ಒಗ್ಗುತ್ತದೆ, ಕೆಲವರಿಗೆ ಮಾತ್ರ ಅದೂ ಆಗುವುದಿಲ್ಲ, ಹಾಗಾಗಿ ಕಾಯಿಲೆ ಹತೋಟಿಗೆ ಬಂದ ಮೇಲೆ ಸ್ವಲ್ಪ ಸ್ವಲ್ಪ ಕೊಟ್ಟು ನೋಡೋಣ. ಮೂರನೆಯವರು ಹೇಳಿದ್ದು ಇದೇ ಉತ್ತರ. ಕೊನೆಗೆ, ಊಟ ಸರಿ ಇದ್ದೂ ಟಿಟಿಜಿ ಇಳಿಯದೆ ಹೋದರೆ ಏನು ಮಾಡುತ್ತೀರಿ ಅಂತ ಕೇಳಿದೆ. 'ಎಲ್ಲಿಂದ ಬರ್ತಿದೆ ಅಂತ ಕೂತು ಹುಡುಕೋಣ, ಸಿಗದೆ ಹೋದರೆ ನಿಮ್ಮ ಡಾಕ್ಟರಿಗೆ ನಾನೇ ಬರೆಯುತ್ತೇನೆ' ಅಂದರು. ನಿಮ್ಮದೇ ತಪ್ಪು ಅನ್ನದೆ 'ಹುಡುಕೋಣ' ಅಂದರಲ್ಲ, ಫೋನ್ ಇಟ್ಟ ಮೇಲೆ ನಾನು ಅತ್ತುಬಿಟ್ಟೆ.

ಮೊದಲ ಭೇಟಿಗೆ ಬರುವಾಗ ಮೂರು ದಿನ ಮಗಳು ತಿಂದ ಕುಡಿದ ಎಲ್ಲವನ್ನೂ ಬರೆದುಕೊಂಡು ಬನ್ನಿ, ಪ್ಯಾಕೆಟ್‌ಗಳ ಫೋಟೋ ತನ್ನಿ, ಹಳೆಯ ರಿಪೋರ್ಟ್ ಎಲ್ಲ ತನ್ನಿ, ತಗೊಳ್ಳುವ ಮಾತ್ರೆ ಟಾನಿಕ್ ಕೂಡ ತನ್ನಿ ಅಂದಿದ್ದರು. ಒಂದು ಗಂಟೆಗೂ ಹೆಚ್ಚು ಕೂತರು. ಮಾತ್ರೆ ಯಾಕೆ ಅಂದರೆ, ಕೆಲವು ಮಾತ್ರೆಗಳನ್ನು ಗಟ್ಟಿ ಮಾಡಲು ಹಾಕುವ ಪಿಷ್ಟ ಗೋಧಿಯದ್ದಿರಬಹುದು. ನಮ್ಮ ತೊಂದರೆ ಸಿಕ್ಕಿದ್ದು ಎರಡು ಕಡೆ. ಮಗಳು ದಿನಾ ಹಾಲಿಗೆ ಹಾಕಿಕೊಳ್ಳುತ್ತಿದ್ದ ಪುಡಿಯ ಡಬ್ಬಿಯ ಮೇಲೆ 'ಮಾಲ್ಟ್' ಅಂತ ಇತ್ತು. ಮಾಲ್ಟ್ ಅಂದರೆ ಬಹುಪಾಲು ಮೊಳಕೆ ಬರಿಸಿದ ಬಾರ್ಲಿ. ಗೋಧಿ ಎಂಬ ಪದವನ್ನೇ ಹುಡುಕುತ್ತಿದ್ದ ನನ್ನ ಕಣ್ಣಿಗೆ ಅದು ಒಂದು ವರ್ಷ ಬೀಳಲೇ ಇಲ್ಲ. ಇನ್ನೊಂದು, ನಮ್ಮ ಅಡುಗೆಮನೆಯ ಜರಡಿ. ಉಳಿದವರಿಗೆ ಗೋಧಿ ಹಿಟ್ಟು ಜರಡಿ ಹಿಡಿದು, ಅದನ್ನೇ ಕೊಡವಿ ಮಗಳ ಅಕ್ಕಿ ಹಿಟ್ಟಿಗೂ ಬಳಸುತ್ತಿದ್ದೆ. ಜರಡಿಯ ಕಣ್ಣಿನಲ್ಲಿ ಸಿಕ್ಕಿಕೊಂಡ ಹಿಟ್ಟು ಕೊಡವಿದರೆ ಹೋಗುವುದಿಲ್ಲ. ಮರದ ಸೌಟು, ಬ್ರೆಡ್ ಸುಡುವ ಟೋಸ್ಟರ್, ಒಮ್ಮೆ ಕರಿದ ಎಣ್ಣೆ, ಇವೆಲ್ಲದರ ಕತೆಯೂ ಅದೇ ಅಂದರು. ಗ್ಲುಟೆನ್ ರಹಿತ ಅಂತ ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರಬಾರದು ಎಂಬ ಅಂತರರಾಷ್ಟ್ರೀಯ ಮಟ್ಟ ಇದೆ. ನಾವು ಹುಡುಕಿ ಹುಡುಕಿ ಅಂಥ ಹಿಟ್ಟನ್ನೇ ತಂದು ನಮ್ಮ ಜರಡಿಯಲ್ಲೇ ಕೆಡಿಸುತ್ತಿದ್ದೆವು.

ಅವರು ನೋಡಿದ ಇನ್ನೊಂದು ಸಂಗತಿ ನಮಗೆ ಯಾರಿಗೂ ಕಂಡಿರಲಿಲ್ಲ. ಮಗಳು ಊಟಕ್ಕೇ ಹೆದರಲು ಶುರು ಮಾಡಿದ್ದಳು. ಶಾಲೆಯಲ್ಲಿ ಏನೂ ತಿನ್ನದೆ ಡಬ್ಬಿ ವಾಪಸ್ ತರುತ್ತಿದ್ದಳು, ನಾನು ಅದನ್ನು ಹಟ ಅಂದುಕೊಂಡಿದ್ದೆ. ಆ ತಜ್ಞೆ ನನ್ನನ್ನು ಬಿಟ್ಟು ಅವಳ ಕಡೆಗೇ ತಿರುಗಿ, 'ಪುಟ್ಟಾ, ನಿನಗೆ ಯಾವುದು ತಿನ್ನಲು ಭಯ ಆಗುತ್ತೆ?' ಅಂತ ಕೇಳಿದರು. ಅವಳು ಒಂದೊಂದಾಗಿ ಹೇಳಿದಳು. ಅದರಲ್ಲಿ ಅರ್ಧಕ್ಕರ್ಧ ಅವಳು ನಿಶ್ಚಿಂತೆಯಿಂದ ತಿನ್ನಬಹುದಾದ ಪದಾರ್ಥಗಳೇ: ಮೊಟ್ಟೆ, ಆಲೂಗಡ್ಡೆ, ಬೇಳೆಕಾಳು. ಬೇಡದ್ದರ ಪಟ್ಟಿ ಎಲ್ಲರೂ ಕೊಟ್ಟಿದ್ದರು, ತಿನ್ನಬಹುದಾದ್ದನ್ನು ಧೈರ್ಯವಾಗಿ ತಿನ್ನು ಅಂತ ಹೇಳಿದ ಮೊದಲ ವ್ಯಕ್ತಿ ಅವರೇ. ಪ್ಯಾಕೆಟ್‌ನಲ್ಲಿ ಬರುವ ಗ್ಲುಟೆನ್ ರಹಿತ ಬಿಸ್ಕತ್ತು ಬ್ರೆಡ್‌ಗಳ ಮೇಲೇ ಬದುಕಬೇಡ ಅಂತಲೂ ಹೇಳಿದರು. ಅವುಗಳಲ್ಲಿ ಅನೇಕ ಸಲ ನಾರಿನಂಶ ಕಡಿಮೆ, ಸಕ್ಕರೆ ಕೊಬ್ಬು ಜಾಸ್ತಿ ಇರುತ್ತದೆ, ಕೆಲವು ಕಡೆ ಮಾಮೂಲಿ ಹಿಟ್ಟಿಗೆ ಸೇರಿಸುವ ಕಬ್ಬಿಣ ಮತ್ತು ಫೋಲೇಟ್ ಇವಕ್ಕೆ ಸಾಮಾನ್ಯವಾಗಿ ಸೇರಿಸಿರುವುದಿಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರ ಅಂದಾಗ, ಕರುಳಿನ ಎಳೆಗಳ ತುದಿಯಲ್ಲೇ ಹಾಲಿನ ಸಕ್ಕರೆ ಅರಗಿಸುವ ಕಿಣ್ವ ಇರುವುದು, ಅವು ಮತ್ತೆ ಬೆಳೆದ ಮೇಲೆ ಅನೇಕರಿಗೆ ಇದು ತಾನಾಗಿ ಸರಿಹೋಗುತ್ತದೆ ಅಂತ ಬಿಡಿಸಿ ಹೇಳಿದರು.

ಮನೆಯ ಉಳಿದವರಿಗೆ ಪರೀಕ್ಷೆ ಆಗಿದೆಯಾ ಅಂತ ಕೇಳಿದವರೂ ಅವರೇ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಈ ಕಾಯಿಲೆಯ ಸಾಧ್ಯತೆ ಸುಮಾರು ಹತ್ತರಲ್ಲಿ ಒಂದು. ಮಗನಿಗೆ ಪರೀಕ್ಷೆ ಮಾಡಿಸಿದೆವು, ದೇವರ ದಯೆಯಿಂದ ಇಲ್ಲ ಅಂತ ಬಂತು. ಪರೀಕ್ಷೆಗೆ ಮೊದಲು ಅವನಿಗೆ ಗೋಧಿ ನಿಲ್ಲಿಸಬೇಡಿ ಅಂತ ಒತ್ತಿ ಹೇಳಿದ್ದರು. ಗ್ಲುಟೆನ್ ಬಿಟ್ಟು ಕೆಲವು ವಾರ, ತಿಂಗಳು ಕಳೆದರೆ ರಕ್ತದಲ್ಲಿನ ಗುರುತು ಮಾಯವಾಗುತ್ತಾ ಹೋಗುತ್ತದೆ, ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ನಿಮ್ಮ ಪುಟದ ತೂಕ ಇಳಿಸುವ ಬರಹಗಳ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ. ಅದನ್ನು ಓದಿ ಸುಮ್ನೆ ಗೋಧಿ ಬಿಟ್ಟು, ಸ್ವಲ್ಪ ಹಾಯೆನಿಸಿ, ಆಮೇಲೆ ಪರೀಕ್ಷೆಗೆ ಹೋದವರಿಗೆ ನಿಜ ಗೊತ್ತಾಗಬೇಕಾದರೆ ಮತ್ತೆ ವಾರಗಟ್ಟಲೆ ಗೋಧಿ ತಿಂದು ನರಳಬೇಕಾಗುತ್ತದೆ.

ಹುಡುಕುವವರು ಎಚ್ಚರ ಇರಬೇಕಾದ ಕೆಲವು ಕಡೆ ಇದೆ. ಸೀಲಿಯಾಕ್ ವಾಸಿ ಮಾಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಗ್ಲುಟೆನ್ ಅರಗಿಸುವ ಕಿಣ್ವದ ಮಾತ್ರೆ ನುಂಗಿ ಗೋಧಿ ತಿನ್ನಬಹುದು ಅನ್ನುವವರ ಹತ್ತಿರವೂ ಬೇಡ, ಊಟದ ಪಥ್ಯಕ್ಕೆ ಬದಲಾಗುವ ಯಾವ ಮಾತ್ರೆಯೂ ಇನ್ನೂ ಬಂದಿಲ್ಲ. ತಮ್ಮದೇ ಪುಡಿ, ಡಬ್ಬಿ ಕೊಂಡರೆ ಮಾತ್ರ ಚಾರ್ಟ್ ಅನ್ನುವವರನ್ನು ನಾನಂತೂ ನಂಬುವುದಿಲ್ಲ. ಬೋರ್ಡಿನ ಮೇಲಿನ ಹೆಸರೂ ಗೊಂದಲವೇ. ಬ್ರಿಟನ್ನಿನಂಥ ಕೆಲವು ದೇಶಗಳಲ್ಲಿ ಡಯಟಿಷಿಯನ್ ಅಂತ ಹಾಕಿಕೊಳ್ಳಲು ಕಾನೂನಿನ ಪ್ರಕಾರ ನೋಂದಣಿ ಬೇಕು, ನ್ಯೂಟ್ರಿಷನಿಸ್ಟ್ ಅಂತ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಆದ್ದರಿಂದ ಏನು ಓದಿದ್ದೀರಿ, ಎಲ್ಲಿ ನೋಂದಣಿ ಆಗಿದೆ ಅಂತ ಕೇಳಿ. ಅದರ ಜೊತೆಗೆ ಸೀಲಿಯಾಕ್ ಅನುಭವ ಎಷ್ಟು ಅಂತಲೂ ಕೇಳಿ, ಡಿಗ್ರಿ ಇದ್ದ ಮಾತ್ರಕ್ಕೆ ಆ ಅನುಭವ ಬಂದಿರುವುದಿಲ್ಲ ಅಂತ ನಾವು ಕಲಿತಿದ್ದೇವೆ.

ಅನುಭವ ಇರುವವರು ಎಲ್ಲ ಕಡೆ ಸಿಗುವುದಿಲ್ಲ, ಒಪ್ಪುತ್ತೇನೆ. ಆದರೆ ಈ ಕೆಲಸದ ಬಹುಭಾಗ ಮಾತು, ರಿಪೋರ್ಟ್, ಲೇಬಲ್‌ಗಳ ಫೋಟೋ. ವಿಡಿಯೋ ಕಾಲ್‌ನಲ್ಲೂ ಚೆನ್ನಾಗಿ ಆಗುತ್ತದೆ, ನಮ್ಮ ಫಾಲೋ-ಅಪ್ ಎಲ್ಲ ಹಾಗೇ ನಡೆಯುತ್ತಿದೆ. ಅದೂ ಆಗದಿದ್ದರೆ 'ನನಗೆ ಇದರಲ್ಲಿ ಅನುಭವ ಕಡಿಮೆ, ಓದಿಕೊಂಡು ಹೇಳುತ್ತೇನೆ' ಅಂತ ಪ್ರಾಮಾಣಿಕವಾಗಿ ಹೇಳುವ ಡಯಟಿಷಿಯನ್ ಎಷ್ಟೋ ಮೇಲು.

ಮಗಳ ಟಿಟಿಜಿ ಹೊಸ ತಜ್ಞೆಯ ಹತ್ತಿರ ಹೋದ ಆರು ತಿಂಗಳಿಗೆ ಅರ್ಧಕ್ಕಿಂತ ಕೆಳಗೆ ಬಂತು, ಹೋದ ತಿಂಗಳು ಪೂರ್ತಿ ಸರಿಯಾಗಿದೆ. ಎತ್ತರವೂ ಏರುತ್ತಿದೆ. ಡಬ್ಬಿ ಖಾಲಿಯಾಗಿ ಮನೆಗೆ ಬರುತ್ತದೆ.

ಸೀಲಿಯಾಕ್ ಪತ್ತೆ ಮಾಡುವ ವೈದ್ಯರಲ್ಲಿ ನನ್ನ ಕೋರಿಕೆ: ಚೀಟಿಯಲ್ಲಿ 'ನ್ಯೂಟ್ರಿಷನಿಸ್ಟ್ ನೋಡಿ' ಅಂತ ಬರೆಯುವ ಬದಲು ನಿಮ್ಮ ರೋಗಿಗಳಲ್ಲಿ ಯಾರಿಗೆ ಯಾರಿಂದ ಗುಣ ಆಗಿದೆ ಅಂತ ನೋಡಿ ಒಂದು ಹೆಸರು ಬರೆಯಿರಿ. ಆಸ್ಪತ್ರೆಗಳು ತಮ್ಮ ಡಯಟಿಷಿಯನ್‌ಗಳಲ್ಲಿ ಯಾರು ಯಾವ ಕಾಯಿಲೆಯಲ್ಲಿ ಪಳಗಿದವರು ಅಂತ ಬೋರ್ಡಿನಲ್ಲಿ ಹಾಕಲಿ. ವೈದ್ಯರ ಹೆಸರಿನ ಮುಂದೆ ಹಾಕುತ್ತಾರಲ್ಲ, ಇವರಿಗೆ ಯಾಕೆ ಇಲ್ಲ?

ಸಂಪಾದಕರೇ, ಮೇ 16 ಅಂತರರಾಷ್ಟ್ರೀಯ ಸೀಲಿಯಾಕ್ ದಿನ. ಆ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಈ ಕಾಯಿಲೆಯವರನ್ನೇ ನೋಡುವ ಒಬ್ಬ ಆಹಾರ ತಜ್ಞರಿಂದ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡಿಸಿ. ಇನ್ನು ಮುಂದೆ ಗ್ಲುಟೆನ್ ಬಿಡುವ ಬಗ್ಗೆ ಯಾವ ಬರಹ ಹಾಕಿದರೂ, 'ಅನುಮಾನ ಇದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಗೋಧಿ ನಿಲ್ಲಿಸಬೇಡಿ' ಎಂಬ ಒಂದು ಸಾಲನ್ನು ಅದರ ಕೆಳಗೆ ಸೇರಿಸಿ.

ಇಂತಿ,
ನಿಮ್ಮ ಓದುಗಳು, ಒಬ್ಬ ತಾಯಿ